ಲಾಕರಿನ ಸೀಳಿನಿಂದ ಕಂಡದ್ದು

ಅಕ್ಕನ ಮಗ ಒಂದು ರಾತ್ರಿ ನಮ್ಮ ನಡುಮನೆಯಲ್ಲಿ ಕೂತು ವಿಡಿಯೊ ಗೇಮ್ ಆಡುತ್ತಿದ್ದ. ಟಿವಿಯ ಪರದೆ ಪೂರ್ತಿ ಕಪ್ಪು. ನಡುವೆ ಅಡ್ಡಡ್ಡ ನಾಲ್ಕೈದು ಬೆಳಕಿನ ಗೆರೆ, ಅಷ್ಟೆ. ಅವನು ಕಬ್ಬಿಣದ ಒಂದು ಲಾಕರಿನೊಳಗೆ ಹೊಕ್ಕು ನಿಂತಿದ್ದಾನೆ, ಆ ಗೆರೆಗಳು ಲಾಕರಿನ ಬಾಗಿಲಿನ ಸೀಳುಗಳು ಎಂದು ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಹೊರಗೆ ಏನೋ ಓಡಾಡುತ್ತಿತ್ತು. ಭಾರವಾದ ಹೆಜ್ಜೆ ಹತ್ತಿರ ಬಂತು, ನಿಂತಿತು, ದೂರವಾಯಿತು, ಮತ್ತೆ ತಿರುಗಿ ಬಂತು. ನೀರು ಕುಡಿಯಲು ಎದ್ದು ಬಂದವನು ನಾನು, "ಇನ್ನೂ ಮಲಗಿಲ್ವೇನೋ?" ಎಂದೆ. ಅವನು ತಿರುಗಲಿಲ್ಲ. ಕಣ್ಣು ಪರದೆಯ ಮೇಲಿಟ್ಟೇ, "ಮಾವ, ಮೆಲ್ಲಗೆ. ಅದಕ್ಕೆ ಕೇಳ್ಸುತ್ತೆ" ಎಂದು ಪಿಸುಗುಟ್ಟಿದ.

ಅದಕ್ಕೆ ಕೇಳಿಸುವಂತಿರಲಿಲ್ಲ. ಆ ಆಟದಲ್ಲಿ ಅಂಥ ಸೌಲಭ್ಯ ಇದೆ ಎಂಬುದು ನಿಜ: ಎಕ್ಸ್‌ಬಾಕ್ಸ್ ಒನ್‌ನ ಕಿನೆಕ್ಟ್ ಅಥವಾ ಪ್ಲೇಸ್ಟೇಷನ್ 4ರ ಕ್ಯಾಮೆರಾ ಜೋಡಿಸಿದ್ದರೆ ಆಡುವವನ ಕೋಣೆಯ ಸದ್ದು ಆಟದೊಳಗಿನ ಜಂತುವಿನ ಕಿವಿಗೂ ಬೀಳುವಂತೆ ಮಾಡಬಹುದು. ನಮ್ಮ ಮನೆಯಲ್ಲಿ ಅವೆರಡೂ ಇರಲಿಲ್ಲ. ಇದು ಹುಡುಗನಿಗೂ ಗೊತ್ತು. ಎಂಜಿನಿಯರಿಂಗ್ ಮೂರನೆಯ ವರ್ಷದವನು, ಕಂಪ್ಯೂಟರ್ ಬಿಚ್ಚಿ ಮತ್ತೆ ಜೋಡಿಸುವವನು. ಆದರೂ ಪಿಸುಗುಟ್ಟಿದ. ನಾನೂ ಕೈಯಲ್ಲಿದ್ದ ಲೋಟವನ್ನು ಸದ್ದಾಗದಂತೆ ಮೇಜಿನ ಮೇಲಿಟ್ಟೆ.

ಆಮೇಲೆ ಆ ಆಟವನ್ನು ನಾನೇ ಕೊನೆಯವರೆಗೆ ಆಡಿದೆ. ಅದೇ ಜಾತಿಯ ಇನ್ನೆರಡನ್ನೂ ಆಡಿದೆ. ಲೋಟವನ್ನು ಹಾಗೆ ಮೆಲ್ಲಗೆ ಇಡುವಂತೆ ಮಾಡಿದ್ದು ಏನು ಎಂಬ ಪ್ರಶ್ನೆಗೆ ನನಗೆ ಸಿಕ್ಕ ಉತ್ತರವನ್ನು ಇಲ್ಲಿ ವಾದದ ರೂಪದಲ್ಲಿ ಇಡುತ್ತಿದ್ದೇನೆ.

ಆಟದ ಹೆಸರು ‘ಏಲಿಯನ್: ಐಸೊಲೇಷನ್’. 2014ರ ಅಕ್ಟೋಬರಿನಲ್ಲಿ ಸೆಗಾ ಕಂಪನಿ ಹೊರತಂದದ್ದು. ಮಾಡಿದವರು ಇಂಗ್ಲೆಂಡಿನ ಹಾರ್ಷಮ್ ಊರಿನ ಕ್ರಿಯೇಟಿವ್ ಅಸೆಂಬ್ಲಿ ತಂಡದವರು. ಅಲ್ಲಿಯವರೆಗೆ ಅವರ ಹೆಸರು ಕೇಳಿಬರುತ್ತಿದ್ದದ್ದು ‘ಟೋಟಲ್ ವಾರ್’ ಸರಣಿಯಿಂದ. ಅದರಲ್ಲಿ ಆಟಗಾರ ಆಕಾಶದಿಂದ ನೋಡುವವನಂತೆ ಸಾವಿರಾರು ಸೈನಿಕರನ್ನು ಅತ್ತಿತ್ತ ಸರಿಸುತ್ತಾನೆ. ಎಲ್ಲವನ್ನೂ ಮೇಲಿನಿಂದ ಕಾಣುವ ಆಟ ಮಾಡಿದವರೇ ಏನೂ ಸರಿಯಾಗಿ ಕಾಣದ ಆಟವನ್ನೂ ಮಾಡಿದರು ಎಂಬುದು ನನಗೆ ತುಂಬ ಹಿಡಿಸಿದ ಸಂಗತಿ. ಕಥೆ ರಿಡ್ಲಿ ಸ್ಕಾಟ್ 1979ರಲ್ಲಿ ಮಾಡಿದ ‘ಏಲಿಯನ್’ ಚಿತ್ರದ ಮುಂದುವರಿಕೆ. ಕಾಲ 2137. ಆ ಚಿತ್ರದ ನಾಯಕಿ ಎಲೆನ್ ರಿಪ್ಲಿ ಕಾಣೆಯಾಗಿ ಹದಿನೈದು ವರ್ಷವಾಗಿದೆ. ಅವಳ ಹಡಗಿನ ದಾಖಲೆಪೆಟ್ಟಿಗೆ ಸೆವಾಸ್ಟಪೋಲ್ ಎಂಬ ಬಾಹ್ಯಾಕಾಶ ನಿಲ್ದಾಣದಲ್ಲಿದೆ ಎಂಬ ಸುದ್ದಿ ಹಿಡಿದು ಮಗಳು ಅಮಂಡಾ ಹೋಗುತ್ತಾಳೆ. ಆ ಅಮಂಡಾ ಎಂದರೆ ನಾವು. ನಿಲ್ದಾಣ ಪಾಳುಬಿದ್ದಿದೆ, ಉಳಿದ ಕೆಲವೇ ಜನ ಒಬ್ಬರನ್ನೊಬ್ಬರು ಕಂಡರೆ ಗುಂಡು ಹಾರಿಸುವ ಸ್ಥಿತಿಗೆ ಬಂದಿದ್ದಾರೆ, ಮತ್ತು ಏಲಿಯನ್ ಒಂದು ಅಲ್ಲಿ ತಿರುಗುತ್ತಿದೆ. ಅದನ್ನು ಕೊಲ್ಲಲು ಬರುವುದಿಲ್ಲ. ಬೆಂಕಿ ಉಗುಳುವ ಯಂತ್ರ ಕೈಗೆ ಸಿಕ್ಕ ಮೇಲೂ ಸ್ವಲ್ಪ ಹೊತ್ತು ಹಿಮ್ಮೆಟ್ಟಿಸಬಹುದು, ಅಷ್ಟೇ.

ಇಂಥ ಆಟಗಳ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ವಿವರಣೆ ಎರಡು. ದಿಢೀರನೆ ಏನೋ ಮುಖದ ಮೇಲೆ ಹಾರಿ, ದೊಡ್ಡ ಸದ್ದಾಗುತ್ತದೆ, ಅದಕ್ಕೇ ಹೆದರುತ್ತೇವೆ ಎಂಬುದು ಒಂದು. ಇದನ್ನು ನಾನು ಒಪ್ಪುವುದಿಲ್ಲ. ಪಕ್ಕದಲ್ಲಿ ಪಟಾಕಿ ಸಿಡಿದರೆ ಬೆಚ್ಚುತ್ತೇವೆ. ಬೆಚ್ಚಿದ ಮರುಗಳಿಗೆ ಎಲ್ಲ ಮುಗಿಯುತ್ತದೆ. ಅಳುಕು, ದಿಗಿಲು ಎಂದು ನಾವು ಕರೆಯುವುದು ಬೇರೆಯದೇ. ಅದು ಸದ್ದಿಗೆ ಮೊದಲು ಇರುತ್ತದೆ, ಸದ್ದಾಗದಿದ್ದರೆ ಇನ್ನೂ ಹೆಚ್ಚುತ್ತದೆ. ಬೆಚ್ಚಿಸುವುದು ಯಾವ ಬಡ ಆಟಕ್ಕೂ ಸಾಧ್ಯ. ದಿಗಿಲು ಹುಟ್ಟಿಸಲು ಕುಶಲತೆ ಬೇಕು.

ಎರಡನೆಯ ವಿವರಣೆ ರಕ್ತ ಮಾಂಸದ್ದು. ಇಲ್ಲಿ ನಮ್ಮ ಹಳೆಯ ನಾಟ್ಯಶಾಸ್ತ್ರದ ನೆರವು ದೊಡ್ಡದು. ಭರತ ಎಣಿಸಿದ ಎಂಟು ರಸಗಳಲ್ಲಿ ಭಯಾನಕ ಒಂದು, ಬೀಭತ್ಸ ಇನ್ನೊಂದು. ಮೊದಲಿನದಕ್ಕೆ ಸ್ಥಾಯಿ ಭಯ, ಎರಡನೆಯದಕ್ಕೆ ಜುಗುಪ್ಸೆ. ಎರಡನ್ನೂ ಒಂದೇ ಬುಟ್ಟಿಗೆ ಹಾಕಬಾರದು ಎಂಬ ತಿಳಿವಳಿಕೆ ಅಷ್ಟು ಹಿಂದೆಯೇ ಇತ್ತು. 2008ರ ‘ಡೆಡ್ ಸ್ಪೇಸ್’ ಆಟವನ್ನು ನೋಡಿ. ಇಶಿಮುರಾ ಎಂಬ ಗಣಿಹಡಗು, ಸತ್ತವರ ಹೆಣಗಳು ತಿರುಚಿಕೊಂಡು ಎದ್ದ ಆಕೃತಿಗಳು, ತಲೆಗೆ ಹೊಡೆದರೆ ಸಾಯವು, ಕೈಕಾಲು ಕತ್ತರಿಸಬೇಕು. ನೋಡಿದರೆ ಹೊಟ್ಟೆ ತೊಳಸುತ್ತದೆ. ಆದರೆ ಆ ಆಟದಲ್ಲಿ ನನಗೆ ನಿಜವಾದ ಭಯ ಹುಟ್ಟಿದ್ದು ಆ ಆಕೃತಿಗಳಿಂದ ಅಲ್ಲವೇ ಅಲ್ಲ. ಅಲ್ಲಿ ನಾಯಕನ ಆರೋಗ್ಯದ ಮಟ್ಟ ಪರದೆಯ ಮೂಲೆಯಲ್ಲಿ ಇರುವುದಿಲ್ಲ, ಅವನ ಉಡುಪಿನ ಬೆನ್ನುಹುರಿಯ ಮೇಲೆ ದೀಪದ ಸಾಲಾಗಿ ಹೊಳೆಯುತ್ತದೆ. ಚೀಲದಲ್ಲಿ ಏನಿದೆ ಎಂದು ನೋಡಬೇಕಾದರೆ ಅವನ ಎದುರಿಗೆ ಗಾಳಿಯಲ್ಲಿ ಬೆಳಕಿನ ಪಟ್ಟಿಯೊಂದು ತೆರೆಯುತ್ತದೆ, ಮತ್ತು ಅದನ್ನು ಓದುವಷ್ಟು ಹೊತ್ತು ಆಟ ನಿಲ್ಲುವುದಿಲ್ಲ. ಬೇರೆ ಆಟಗಳಲ್ಲಿ ಚೀಲ ತೆರೆದರೆ ಲೋಕವೆಲ್ಲ ಸ್ತಬ್ಧವಾಗಿ ನಮಗಾಗಿ ಕಾಯುತ್ತದೆ. ಇಲ್ಲಿ ಚೀಲ ನೋಡುವಾಗ ಬೆನ್ನ ಹಿಂದೆ ಬರುವುದು ಬರುತ್ತಲೇ ಇರುತ್ತದೆ. ಔಷಧಿ ಉಳಿದಿದೆಯೇ ಎಂದು ತಿಳಿಯುವುದಕ್ಕೂ ಒಂದು ಬೆಲೆ ತೆರಬೇಕು.

ಈ ಬೆಲೆಯೇ ನನ್ನ ವಾದದ ತಿರುಳು. ವಿಜ್ಞಾನ ಕಥೆಯ ಭಯದ ಆಟ ನಮ್ಮನ್ನು ಹೆದರಿಸುವುದು ತಿಳಿವಳಿಕೆಯನ್ನು ದುಬಾರಿ ಮಾಡುವ ಮೂಲಕ. ತಿಳಿಯದಿದ್ದರೆ ಉಳಿಗಾಲವಿಲ್ಲ; ತಿಳಿಯಲು ಹೊರಟರೆ ಸಿಕ್ಕಿಬೀಳುತ್ತೇವೆ.

‘ಐಸೊಲೇಷನ್’ನಲ್ಲಿ ನಮ್ಮ ಕೈಗೆ ಬರುವ ಚಲನಶೋಧಕವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಅಂಗೈಯಷ್ಟು ದಪ್ಪನೆಯ ಪೆಟ್ಟಿಗೆ, ಹಸಿರು ಪುಟ್ಟ ಪರದೆ, ಅದರ ಮೇಲೆ ಮುಂದೆ ಏನಾದರೂ ಚಲಿಸಿದರೆ ಒಂದು ಚುಕ್ಕಿ, ಜೊತೆಗೆ ಟಿಕ್ ಟಿಕ್ ಸದ್ದು. ಚಲಿಸದೆ ನಿಂತಿರುವುದು ಅದಕ್ಕೆ ಕಾಣುವುದಿಲ್ಲ. ಚುಕ್ಕಿ ಎಷ್ಟು ದೂರದಲ್ಲಿದೆ ಎಂದು ಹೇಳುತ್ತದೆ. ಅದೇ ನೆಲದ ಮೇಲಿದೆಯೋ ತಲೆಯ ಮೇಲಿನ ಗಾಳಿಕೊಳವೆಯಲ್ಲಿದೆಯೋ ಹೇಳುವುದಿಲ್ಲ. ಅದನ್ನು ಎತ್ತಿ ಹಿಡಿದಾಗ ಕಣ್ಣು ಆ ಹಸಿರು ಪರದೆಯ ಮೇಲೆ ನೆಡುತ್ತದೆ, ಅದರಾಚೆಯ ಓಣಿ ಮಸುಕಾಗುತ್ತದೆ. ಓಣಿಯ ಕಡೆ ಕಣ್ಣು ಹಾಯಿಸಿದರೆ ಚುಕ್ಕಿ ಮಸುಕಾಗುತ್ತದೆ. ಎರಡನ್ನೂ ಒಟ್ಟಿಗೆ ನೋಡಲಾಗದು. ಇನ್ನೂ ಮುಖ್ಯವಾದದ್ದು, ಜಂತು ಹತ್ತಿರದಲ್ಲಿದ್ದರೆ ಆ ಟಿಕ್ ಟಿಕ್ ಅದರ ಕಿವಿಗೂ ಬೀಳುತ್ತದೆ. ಎಲ್ಲಿದೆ ಎಂದು ಕೇಳುವ ಯಂತ್ರವೇ ನಾನು ಎಲ್ಲಿದ್ದೇನೆ ಎಂದು ಸಾರಿಬಿಡುತ್ತದೆ.

ಲಾಕರಿನೊಳಗೆ ನಿಂತಾಗ ನನಗಾದ ಸಂಕಟ ಇದೇ. ಹೆಜ್ಜೆಯ ಸದ್ದು ನಿಂತು ಹೋಗಿತ್ತು. ಹೋಯಿತೋ, ನಿಂತಿದೆಯೋ? ಶೋಧಕವನ್ನು ಎತ್ತಿದರೆ ಗೊತ್ತಾಗುತ್ತದೆ. ಎತ್ತಲೇ ಎಂದು ಹೆಬ್ಬೆರಳು ಗುಂಡಿಯ ಮೇಲೆ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಬಾಗಿಲಿನ ಸೀಳಿಗೆ ಅದರ ಉದ್ದನೆಯ ತಲೆ ಬಂದು ತಾಗಿದಾಗ ಹಿಂದಕ್ಕೆ ಸರಿದು ಉಸಿರು ಬಿಗಿಹಿಡಿಯಲು ಆಟದಲ್ಲಿ ಗುಂಡಿಗಳಿವೆ. ಅವನ್ನು ಒತ್ತಿ ಹಿಡಿದಿದ್ದಾಗ ನಾನೂ ಉಸಿರು ಹಿಡಿದಿದ್ದೆ ಎಂಬುದು ಬಿಟ್ಟ ಮೇಲೆ ಗೊತ್ತಾಯಿತು.

ಹಳ್ಳಿಯ ಮನೆಗಳಲ್ಲಿ ಕಣ್ಣಾಮುಚ್ಚಾಲೆ ಆಡಿ ಬೆಳೆದವರಿಗೆ ಈ ಗಳಿಗೆ ಹೊಸದಲ್ಲ. ಅಟ್ಟದ ಮೇಲೆ ಭತ್ತದ ಚೀಲಗಳ ಸಂದಿಯಲ್ಲಿ ಅಡಗಿ ಕೂತಿದ್ದೇವೆ. ಕೆಳಗೆ ಹುಡುಕುವವನ ಹೆಜ್ಜೆ ಏಣಿಯ ಬುಡದಲ್ಲಿ ನಿಲ್ಲುತ್ತದೆ. ಇಣುಕಿದರೆ ಅವನು ಎಲ್ಲಿದ್ದಾನೆಂದು ತಿಳಿಯುತ್ತದೆ, ಇಣುಕಿದರೆ ನಾವು ಕಾಣುತ್ತೇವೆ. ಎದೆಯ ಬಡಿತವೇ ಹೊರಗೆ ಕೇಳಿಸುತ್ತದೇನೋ ಎನ್ನಿಸುತ್ತದೆ. ಆದರೆ ಅಲ್ಲಿ ಹುಡುಕುವವನು ಪಕ್ಕದ ಮನೆಯ ಹುಡುಗ, ಸಿಕ್ಕಿದರೆ ಮುಂದಿನ ಸರದಿ ನಮ್ಮದು. ಸೆವಾಸ್ಟಪೋಲಿನಲ್ಲಿ ಸರದಿ ಬದಲಾಗುವುದಿಲ್ಲ.

ಆಟದಲ್ಲಿ ಸತ್ತರೇನು, ಮತ್ತೆ ಬದುಕುತ್ತೀಯಲ್ಲ ಎಂದು ಕೇಳುವವರಿದ್ದಾರೆ. ಸಾಧಾರಣ ಪ್ರಶ್ನೆಯಲ್ಲ ಇದು. ಸಾವು ಅಗ್ಗವಾದರೆ ಭಯವೂ ಅಗ್ಗ. ಇದಕ್ಕೆ ಕ್ರಿಯೇಟಿವ್ ಅಸೆಂಬ್ಲಿಯವರು ಕಂಡುಕೊಂಡ ಉಪಾಯ ಇಡೀ ಆಟದಲ್ಲಿ ನನಗೆ ಅತ್ಯಂತ ಬುದ್ಧಿವಂತಿಕೆಯದು ಎನ್ನಿಸಿದೆ. ಆಡಿದ್ದನ್ನು ಸೇವ್ ಮಾಡಬೇಕಾದರೆ ಗೋಡೆಗೆ ಹಾಕಿದ ತುರ್ತು ಟೆಲಿಫೋನಿನಂಥ ಪೆಟ್ಟಿಗೆಯ ಬಳಿಗೆ ನಡೆದೇ ಹೋಗಬೇಕು. ಕಾರ್ಡು ತೂರಿಸಬೇಕು. ಮೂರು ದೀಪ ಒಂದೊಂದಾಗಿ ಹತ್ತಬೇಕು. ಆ ಕೆಲವು ಸೆಕೆಂಡು ನಾವು ಗೋಡೆಗೆ ಮುಖ ಮಾಡಿ, ಓಣಿಗೆ ಬೆನ್ನು ಕೊಟ್ಟು ನಿಂತಿರುತ್ತೇವೆ, ಆಟ ನಿಂತಿರುವುದಿಲ್ಲ. ಎರಡನೆಯ ದೀಪ ಹತ್ತಿದಾಗ ಏಲಿಯನ್‌ನ ಬಾಲ ನನ್ನ ಎದೆಯಿಂದ ಹೊರಗೆ ಬಂದದ್ದುಂಟು. ಅರ್ಧ ಗಂಟೆ ತೆವಳಿ, ಅಡಗಿ, ಕಾದು ಗಳಿಸಿದ್ದೆಲ್ಲ ಹೋಯಿತು. ಅಲ್ಲಿ ಕಳೆದುಕೊಳ್ಳುವುದು ಅಮಂಡಾಳ ಜೀವಕ್ಕಿಂತ ಹೆಚ್ಚಾಗಿ ನನ್ನ ಅರ್ಧ ಗಂಟೆ; ಅದು ನಿಜವಾದ ಅರ್ಧ ಗಂಟೆ, ನನ್ನ ಆಯುಸ್ಸಿನದು. ಸುಳ್ಳು ಸಾವಿಗೆ ನಿಜವಾದ ನಷ್ಟವನ್ನು ಕಟ್ಟಿದ್ದಾರೆ. ಸುರಕ್ಷಿತವಾಗುವ ಕೆಲಸವೇ ಅತ್ಯಂತ ಅಪಾಯದ ಕೆಲಸವಾಗಿದೆ.

ನಮ್ಮ ದೆವ್ವದ ಕಥೆಗಳನ್ನು ಇದರ ಪಕ್ಕಕ್ಕೆ ಇಟ್ಟು ನೋಡಿದರೆ ವಿಜ್ಞಾನ ಕಥೆಯ ಭಯ ಏಕೆ ಬೇರೆ ಎಂಬುದು ಕಾಣುತ್ತದೆ. ದೆವ್ವಕ್ಕೆ ಒಂದು ಕಾರಣ ಇರುತ್ತದೆ. ಬಾವಿಗೆ ಬಿದ್ದು ಸತ್ತವಳು, ಆಸ್ತಿಯಲ್ಲಿ ಮೋಸಹೋದವನು, ಆಸೆ ತೀರದೆ ಹೋದವರು. ಯಾರು, ಏನು ಬೇಕು ಎಂದು ತಿಳಿದ ಕೂಡಲೇ ಅರ್ಧ ಕೆಲಸ ಆಯಿತು. ಎಡೆ ಇಟ್ಟು, ಶಾಂತಿ ಮಾಡಿಸಿ ಕಳಿಸಬಹುದು. ಬಾಗಿಲಿನ ಮೇಲೆ ‘ನಾಳೆ ಬಾ’ ಎಂದು ಬರೆದರೆ ಓದಿಕೊಂಡು ಹಿಂದೆ ಹೋಗುವ ದೆವ್ವದ ಸುದ್ದಿ ಕರ್ನಾಟಕದ ಊರೂರುಗಳಲ್ಲಿ ಹಬ್ಬಿದ್ದನ್ನು ನನ್ನ ವಯಸ್ಸಿನವರು ಮರೆತಿರಲಾರರು. ಆ ದೆವ್ವಕ್ಕೆ ಕನ್ನಡ ಬರುತ್ತಿತ್ತು, ಕೊಟ್ಟ ಮಾತಿಗೆ ಕಟ್ಟುಬೀಳುತ್ತಿತ್ತು. ಭಯವೇನೋ ಇತ್ತು, ಆದರೆ ಆ ಭಯದೊಳಗೆ ಒಂದು ಒಪ್ಪಂದವೂ ಇತ್ತು. ತಿಳಿದುಕೊಂಡರೆ ಪಾರಾಗಬಹುದು ಎಂಬುದು ದೆವ್ವದ ಕಥೆಯ ನಂಬಿಕೆ.

ಏಲಿಯನ್‌ಗೆ ನಮ್ಮ ಮೇಲೆ ಹಗೆಯಿಲ್ಲ. ಅದಕ್ಕೆ ಕಣ್ಣೇ ಇದ್ದಂತೆ ಕಾಣುವುದಿಲ್ಲ. ಸ್ವಿಟ್ಜರ್ಲೆಂಡಿನ ಕಲಾವಿದ ಗಿಗರ್ ಅದನ್ನು ರೂಪಿಸಿದ್ದೇ ಹಾಗೆ. ಮಾತಾಡಿ, ಬೇಡಿ, ಹರಕೆ ಹೊತ್ತು ಏನೂ ಆಗದು. ಅದು ಯಾವ ಜಾತಿಯ ಪ್ರಾಣಿ, ಮೊಟ್ಟೆಯಿಂದ ಹೇಗೆ ಬರುತ್ತದೆ ಎಂಬುದೆಲ್ಲ ಚಿತ್ರ ನೋಡಿದ ನನಗೆ ಮೊದಲೇ ಗೊತ್ತಿತ್ತು. ಆ ಗೊತ್ತಿರುವಿಕೆ ಲಾಕರಿನೊಳಗೆ ಒಂದು ಕಾಸಿಗೂ ಬರಲಿಲ್ಲ. ವಿಜ್ಞಾನ ಕಥೆ ದೀಪ, ನಕಾಶೆ, ಕಂಪ್ಯೂಟರು, ಶೋಧಕ ಎಲ್ಲವನ್ನೂ ನಮ್ಮ ಕೈಗೆ ಕೊಡುತ್ತದೆ. ಎಲ್ಲವೂ ಕೆಲಸ ಮಾಡುತ್ತವೆ. ಆದರೂ ಹೆದರಿಕೆ ಹೋಗುವುದಿಲ್ಲ. ಕತ್ತಲಿಗೆ ಹೆದರುವವನಿಗೆ ದೀಪ ಹಚ್ಚಿ ಸಮಾಧಾನ ಹೇಳಬಹುದು. ದೀಪವೇ ಹೆದರಿಕೆಯ ಭಾಗವಾದರೆ?

ಇಲ್ಲಿ ಆಟದ ಒಳಗಿನ ಯಂತ್ರದ ಬಗ್ಗೆ ಹೇಳಬೇಕು. ಏಲಿಯನ್ ನಡೆಯುವ ದಾರಿ ಮೊದಲೇ ಬರೆದಿಟ್ಟದ್ದಲ್ಲ. ಅದರ ಹಿಂದೆ ಎರಡು ಬುದ್ಧಿಗಳಿವೆ. ಒಂದು ಸೂತ್ರಧಾರನದು: ಆಟಗಾರ ಎಲ್ಲಿದ್ದಾನೆ, ಜಂತು ಎಲ್ಲಿದೆ ಎಂಬುದು ಅದಕ್ಕೆ ಸದಾ ಗೊತ್ತು. ಇನ್ನೊಂದು ಜಂತುವಿನದೇ: ಅದಕ್ಕೆ ನಾವು ಎಲ್ಲಿದ್ದೇವೆ ಎಂದು ಗೊತ್ತಿಲ್ಲ; ತನ್ನ ಕಣ್ಣು ಕಿವಿಗಳಿಂದಲೇ ಹುಡುಕಬೇಕು. ಸೂತ್ರಧಾರ ಜಂತುವಿಗೆ ಆಗಾಗ ಸುಳಿವು ಕೊಡುತ್ತಾನೆ, ಆ ಕಡೆ ಹೋಗಿ ನೋಡು ಎನ್ನುವಷ್ಟು. ನಿಖರವಾದ ಜಾಗ ಹೇಳುವುದಿಲ್ಲ. ಆಟಗಾರ ಬಹಳ ಹೊತ್ತು ಒತ್ತಡದಲ್ಲಿದ್ದಾನೆ ಎಂದು ಅಳೆದಾಗ ಅದೇ ಸೂತ್ರಧಾರ ಜಂತುವನ್ನು ಗಾಳಿಕೊಳವೆಗೆ ವಾಪಸು ಕರೆಸಿಕೊಳ್ಳುತ್ತಾನೆ. ಜಂತುವಿನ ಗುಣಗಳಲ್ಲಿ ಕೆಲವಕ್ಕೆ ಆರಂಭದಲ್ಲಿ ಬೀಗ ಹಾಕಿರುತ್ತಾರೆ, ಆಟ ಸಾಗಿದಂತೆ ಒಂದೊಂದು ಬೀಗ ತೆಗೆಯುತ್ತಾರೆ. ಹಾಗಾಗಿ ಅದು ನಮ್ಮ ಚಾಳಿಗಳನ್ನು ಕಲಿಯುತ್ತಿದೆ ಎಂದು ನಮಗನ್ನಿಸುತ್ತದೆ.

ಈ ಏರ್ಪಾಡಿನ ಮರ್ಮ ಏನೆಂದರೆ ಜಂತುವಿಗೂ ತಿಳಿವಳಿಕೆ ದುಬಾರಿಯಾಗಿದೆ. ಅದೂ ಹುಡುಕಬೇಕು, ಅದೂ ತಪ್ಪಬಹುದು. ಎಲ್ಲವನ್ನೂ ಬಲ್ಲ ಜಂತು ನೇರ ಬಂದು ಕೊಲ್ಲುತ್ತಿದ್ದರೆ ಅದು ಮಳೆ ಸಿಡಿಲಿನಂತೆ ಆಗುತ್ತಿತ್ತು. ಸಿಡಿಲಿನಿಂದ ಅಡಗಿಕೊಳ್ಳುವುದಕ್ಕೆ ಅರ್ಥವಿಲ್ಲ. ಏನೂ ತಿಳಿಯದ ಜಂತುವಾದರೆ ಗೊಂಬೆ. ನನ್ನನ್ನು ಹುಡುಕುತ್ತಿರುವ, ಇನ್ನೂ ಸಿಕ್ಕಿರದ, ಸಿಗಬಹುದಾದ ಒಂದು ಮನಸ್ಸು ಕೋಣೆಯಲ್ಲಿದೆ ಎಂಬ ಅನಿಸಿಕೆಯೇ ಲೋಟವನ್ನು ಮೆಲ್ಲಗೆ ಇಡಿಸುವುದು.

ಇದರ ಪಕ್ಕದಲ್ಲಿ 2013ರ ‘ಏಲಿಯನ್ಸ್: ಕಲೋನಿಯಲ್ ಮರೀನ್ಸ್’ ಆಟವನ್ನು ನೆನೆಯಬೇಕು. ಅದೇ ಲೋಕ, ಅದೇ ಜಂತು, ಕೈತುಂಬ ಬಂದೂಕು. ಬಂದ ದಿನದಿಂದ ಆಡಿದವರು ದೂರಿದ್ದೇ ದೂರಿದ್ದು: ಜಂತುಗಳು ಪೆದ್ದಾಗಿ ಎದುರಿಗೆ ಓಡಿಬಂದು ಗುಂಡು ತಿಂದು ಸಾಯುತ್ತವೆ. ವರ್ಷಗಳ ನಂತರ, 2018ರಲ್ಲಿ, ಆಟದ ಸಿದ್ಧತಾ ಫೈಲೊಂದರಲ್ಲಿ ‘ಟೆದರ್’ ಎಂಬ ಇಂಗ್ಲಿಷ್ ಪದದ ಕಾಗುಣಿತದಲ್ಲಿ ಒಂದು ‘ಎ’ ಅಕ್ಷರ ಹೆಚ್ಚಾಗಿ ಬಿದ್ದದ್ದು ಸುದ್ದಿಯಾಯಿತು. ಅದೊಂದು ಅಕ್ಷರ ತೆಗೆದರೆ ಜಂತುಗಳು ಸುತ್ತುಬಳಸಿ, ಹೊಂಚಿ ಬರತೊಡಗುವುದನ್ನು ಆಡಿದವರು ಕಂಡರು. ಆಕಾರ, ಜೊಲ್ಲು, ಹಲ್ಲು ಎಲ್ಲ ಮೊದಲಿನಂತೆಯೇ ಇದ್ದವು. ಬದಲಾದದ್ದು ನಡೆ ಮಾತ್ರ. ಹೆದರಿಕೆ ಎಲ್ಲಿರುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಕಾವ್ಯಮೀಮಾಂಸೆ ಓದಿದವರಿಗೆ ಇಲ್ಲಿ ಒಂದು ಜಿಂಕೆ ನೆನಪಾಗಬಹುದು. ಶಾಕುಂತಲದ ಮೊದಲ ಅಂಕದಲ್ಲಿ ದುಷ್ಯಂತನ ರಥದ ಮುಂದೆ ಕತ್ತು ತಿರುಗಿಸಿ ಹಿಂದೆ ನೋಡುತ್ತ ಓಡುವ ಜಿಂಕೆ. ಭಯಾನಕ ರಸವನ್ನು ವಿವರಿಸುವಾಗ ಅಭಿನವಗುಪ್ತ ಎತ್ತಿಕೊಳ್ಳುವುದು ಅದೇ ಪದ್ಯವನ್ನು. ಓದುಗನಲ್ಲಿ ಹುಟ್ಟುವ ಭಯ ಆ ಜಿಂಕೆಯದೂ ಅಲ್ಲ, ಓದುಗನ ಸ್ವಂತದ್ದೂ ಅಲ್ಲ; ಯಾರದೆಂಬ ಗುರುತು ಕಳಚಿದ ಭಯ, ಅದಕ್ಕೇ ಅದು ಸವಿಯಬಹುದಾದದ್ದು ಎಂಬುದು ಅವನ ವಿಚಾರ. ಸಿನಿಮಾ ನೋಡುವಾಗ ಈ ಮಾತು ಸರಿಯಾಗಿ ಹೊಂದುತ್ತದೆ. 1979ರ ಚಿತ್ರ ನೋಡುವಾಗ ರಿಪ್ಲಿ ಆ ಬಾಗಿಲು ತೆರೆಯುತ್ತಾಳೋ ಇಲ್ಲವೋ ಎಂಬುದು ನನ್ನ ಕೈಯಲ್ಲಿಲ್ಲ. ಅವಳು ತೆರೆಯುತ್ತಾಳೆ, ನಾನು ನೋಡುತ್ತೇನೆ. ಆಟದಲ್ಲಿ ಬಾಗಿಲ ಮುಂದೆ ನಾನು ನಿಂತಷ್ಟು ಹೊತ್ತೂ ಬಾಗಿಲು ತೆರೆಯುವುದಿಲ್ಲ. ಕಥೆ ಕಾಯುತ್ತದೆ. ಜಿಂಕೆ ಓಡಬೇಕಾದರೆ ನಾನು ಓಡಿಸಬೇಕು, ಹಿಂದೆ ನೋಡಬೇಕಾದರೆ ನಾನೇ ಕತ್ತು ತಿರುಗಿಸಬೇಕು, ತಿರುಗಿಸಿದ ಕ್ಷಣ ಓಟ ಎಡವುತ್ತದೆ.

ಹಾಗಾದರೆ ಇದು ರಸವೇ ಅಲ್ಲವೆ, ಬರಿಯ ಭಯವೆ? ನಾನು ರಸವೆಂದೇ ಹೇಳುತ್ತೇನೆ, ಏಕೆಂದರೆ ಮರುದಿನ ರಾತ್ರಿ ನಾನೇ ಹೋಗಿ ಟಿವಿ ಹಾಕಿದೆ. ನಿಜವಾದ ಭಯದ ಬಳಿಗೆ ಯಾರೂ ಹಾಗೆ ಮರಳುವುದಿಲ್ಲ. ಆದರೆ ನಟನಿಗೂ ಸಹೃದಯನಿಗೂ ನಡುವೆ ನಮ್ಮ ಮೀಮಾಂಸಕರು ಇಟ್ಟ ಅಂತರ ಇಲ್ಲಿ ಹೆಬ್ಬೆರಳಿನ ಅಗಲಕ್ಕೆ ಇಳಿದಿದೆ. ಈ ಹೊಸ ಕಲೆಯ ಬಗ್ಗೆ ಕನ್ನಡದಲ್ಲಿ ಮಕ್ಕಳ ಕಣ್ಣು ಹಾಳಾಗುತ್ತದೆ ಎಂಬ ಮಾತಿನಾಚೆಗೆ ಗಂಭೀರವಾದ ಚರ್ಚೆ ನಡೆಯಬೇಕು ಎಂಬ ಆಸೆ ನನ್ನದು. ಭರತ, ಅಭಿನವಗುಪ್ತರನ್ನು ಓದಿದವರಿಗೆ ಇಲ್ಲಿ ಕೆಲಸ ಬಹಳಷ್ಟಿದೆ. ‘ಐಸೊಲೇಷನ್’ 2021ರ ಡಿಸೆಂಬರಿನಲ್ಲಿ ಮೊಬೈಲಿಗೂ ಬಂದಿದೆ. ದುಬಾರಿ ಯಂತ್ರ ಇಲ್ಲದವರೂ ಇಯರ್‌ಫೋನ್ ಹಾಕಿಕೊಂಡು ಅದರೊಳಗೆ ಹೋಗಬಹುದು.

ಈ ಆಟಕ್ಕೆ ದೋಷವಿಲ್ಲ ಎಂದು ನಾನು ಹೇಳಲಾರೆ. ಬಹಳ ಉದ್ದ. ನನಗೆ ಇಪ್ಪತ್ತು ಗಂಟೆಗೂ ಮೇಲೆ ಹಿಡಿಯಿತು. ಹತ್ತು ಹನ್ನೆರಡು ಸಲ ಒಂದೇ ಓಣಿಯಲ್ಲಿ ಸತ್ತ ಮೇಲೆ ಜಂತು ಜಂತುವಾಗಿ ಉಳಿಯುವುದಿಲ್ಲ, ಲೆಕ್ಕವಾಗುತ್ತದೆ: ಎಡಗಡೆ ಹೋದರೆ ಹದಿನೈದು ಸೆಕೆಂಡು ಸಿಗುತ್ತದೆ, ಬಲಗಡೆಯ ಬಾಗಿಲು ನಿಧಾನ. ತಿಳಿವಳಿಕೆ ಅಗ್ಗವಾದ ಗಳಿಗೆ ಅದು, ಮತ್ತು ಅದೇ ಗಳಿಗೆಯಲ್ಲಿ ಭಯ ಸೋರಿಹೋಗುತ್ತದೆ. ಆಟ ಮಾಡಿದವರಿಗೂ ಇದು ಗೊತ್ತಿದ್ದಿರಬೇಕು. ಮುಂದೆ ಅವರು ಸೇರಿಸಿದ ‘ನೈಟ್‌ಮೇರ್’ ಎಂಬ ಕಷ್ಟದ ಮಟ್ಟದಲ್ಲಿ ನಕಾಶೆ ಇಲ್ಲ, ಚಲನಶೋಧಕ ಕೆಟ್ಟು ಸುಳ್ಳು ಹೇಳುತ್ತದೆ. ಭಯವನ್ನು ಹೆಚ್ಚಿಸಲು ಅವರು ಎರಡನೆಯ ಜಂತು ತಂದು ಬಿಡಲಿಲ್ಲ. ತಿಳಿಯುವ ದಾರಿಗಳಿಗೆ ಕೈಹಾಕಿದರು.

ಕಥೆಯ ನಡುವೆ ಒಂದು ಕಡೆ ಜಂತುವನ್ನು ಬಲೆಗೆ ಕೆಡವಿ ನಿಲ್ದಾಣದಿಂದ ಹೊರಗೆ ಉಚ್ಚಾಟಿಸುತ್ತಾರೆ. ಆಮೇಲೆ ಬಹಳ ಹೊತ್ತು ಅದಿಲ್ಲ. ಇಲ್ಲ ಎಂದು ಕಣ್ಣಾರೆ ಕಂಡವನು ನಾನು. ಆದರೂ ಗಾಳಿಕೊಳವೆಯ ಕೆಳಗೆ ಬಂದಾಗೆಲ್ಲ ಬಾಗಿ ನಡೆದೆ. ಆ ಹೊತ್ತಿನಲ್ಲಿ ಎದುರಾಗುವುದು ‘ವರ್ಕಿಂಗ್ ಜೋ’ ಎಂಬ ಯಂತ್ರಮಾನವರು, ನಿಲ್ದಾಣದ ಮಾಲೀಕ ಕಂಪನಿ ಅಗ್ಗದಲ್ಲಿ ಮಾಡಿ ಮಾರಿದವರು. ಬೆಳ್ಳನೆಯ ರಬ್ಬರಿನ ಮುಖ, ಕೂದಲಿಲ್ಲದ ತಲೆ, ಅವಸರವಿಲ್ಲದ ನಡಿಗೆ. ಕತ್ತು ಹಿಸುಕುವಾಗಲೂ ಅವರ ಧ್ವನಿ ಬ್ಯಾಂಕಿನ ಕೌಂಟರಿನಲ್ಲಿ ಫಾರಂ ತುಂಬಿಸಿಕೊಳ್ಳುವವರ ಧ್ವನಿಯಂತೆಯೇ ಇರುತ್ತದೆ. ಜಂತುವಾದರೂ ಹಸಿವಿನಿಂದಲೋ ಸ್ವಭಾವದಿಂದಲೋ ಬರುತ್ತದೆ. ಇವರು ಆದೇಶ ಬಂದಿದೆ ಎಂದು ಬರುತ್ತಾರೆ. ಇವರನ್ನು ಕಂಡಾಗ ನನಗಾದದ್ದು ಇನ್ನೊಂದು ಬಗೆಯ ಅಳುಕು, ದಿನದ ಬದುಕಿಗೆ ಹೆಚ್ಚು ಹತ್ತಿರದ್ದು.

ಈ ಇಡೀ ನಿಲ್ದಾಣದ ಯಂತ್ರಗಳೆಲ್ಲ 1979ರವು ಎಂಬುದನ್ನೂ ಗಮನಿಸಬೇಕು. ದಪ್ಪ ಗುಂಡಿಗಳು, ಹಸಿರು ಅಕ್ಷರದ ಮಾನಿಟರುಗಳು, ಟೇಪು. ಆ ಚಿತ್ರದ ಸೆಟ್ಟಿನಲ್ಲಿ ಮಾಡಲಾಗದಿದ್ದ ಯಾವ ಯಂತ್ರವೂ ಆಟದಲ್ಲಿ ಬೇಡ ಎಂಬ ನಿಯಮ ಹಾಕಿಕೊಂಡ ತಂಡ, ಪರದೆಗಳ ಮೇಲೆ ಬರುವ ಚಿತ್ರಗಳನ್ನು ನಿಜವಾಗಿಯೂ ವಿಎಚ್‌ಎಸ್ ಟೇಪಿಗೆ ಇಳಿಸಿ, ಹಳೆಯ ಟಿವಿಯಲ್ಲಿ ಓಡಿಸಿ, ಅಯಸ್ಕಾಂತ ಹಿಡಿದು ಕೆಡಿಸಿ ತೆಗೆದುಕೊಂಡಿತು. ಕರೆಂಟು ಏರಿಳಿದಾಗ ಟಿವಿಯಲ್ಲಿ ಚಿತ್ರ ಜಗ್ಗುವುದನ್ನು ನೋಡಿ ಬೆಳೆದ ನನ್ನಂಥವರಿಗೆ ಅದು ಕೆಡುವ ಯಂತ್ರ ಎಂಬುದು ನೋಡಿದ ಕೂಡಲೇ ಮೈಗೆ ತಿಳಿಯುತ್ತದೆ. ಹೊಳೆಯುವ ಗಾಜಿನ ಭವಿಷ್ಯದಲ್ಲಿ ಯಾರೂ ಇಷ್ಟು ಹೆದರುವುದಿಲ್ಲ.

ಮೂರನೆಯ ಆಟಕ್ಕೆ ಬರುತ್ತೇನೆ. ಇದನ್ನು ನಾನು ಮೂರರಲ್ಲಿ ಎತ್ತರದ್ದೆಂದು ಎಣಿಸುತ್ತೇನೆ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2015ರ ಸೆಪ್ಟೆಂಬರಿನಲ್ಲಿ ಹೊರತಂದ ‘ಸೋಮಾ’. ಟೊರಾಂಟೊದ ಸೈಮನ್ ಎಂಬ ಸಾಮಾನ್ಯ ಯುವಕ 2015ರಲ್ಲಿ ಮಿದುಳಿನ ಸ್ಕ್ಯಾನ್ ಮಾಡಿಸಿಕೊಳ್ಳಲು ಕುರ್ಚಿಯಲ್ಲಿ ಕೂರುತ್ತಾನೆ. ಕಣ್ಣು ತೆರೆದಾಗ 2104, ಅಟ್ಲಾಂಟಿಕ್ ಸಾಗರದ ತಳದ ನಿಲ್ದಾಣ. ಧೂಮಕೇತು ಬಡಿದು ಭೂಮಿಯ ಮೇಲಿನ ಬದುಕು ಮುಗಿದಿದೆ. ಇಲ್ಲೂ ಜಂತುಗಳಿವೆ, ಅಡಗುವುದು ಓಡುವುದು ಇದೆ. ಆದರೆ 2017ರ ಡಿಸೆಂಬರಿನಲ್ಲಿ ಮಾಡಿದವರೇ ಒಂದು ‘ಸೇಫ್ ಮೋಡ್’ ಸೇರಿಸಿದರು: ಜಂತುಗಳು ಇರುತ್ತವೆ, ಕೊಲ್ಲುವುದಿಲ್ಲ. ನಾನು ಆಡಿದ್ದು ಹಾಗೆಯೇ. ಅಪಾಯವೇ ಇಲ್ಲದ ಆ ಆಟ ಮುಗಿದ ಮೇಲೆ ಎರಡು ರಾತ್ರಿ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ.

ಏಕೆಂದರೆ ಅಲ್ಲಿ ತಿಳಿಯಬೇಕಾದದ್ದು ಜಂತು ಎಲ್ಲಿದೆ ಎಂಬುದನ್ನಲ್ಲ, ನಾನು ಯಾರು ಎಂಬುದನ್ನು. ಸೈಮನ್ ಸುಮಾರು ತೊಂಬತ್ತು ವರ್ಷ ಮಲಗಿ ಎದ್ದವನಲ್ಲ. ಆ ಸೈಮನ್ ಎಂದೋ ಸತ್ತ. ಇವನು ಆ ಸ್ಕ್ಯಾನಿನ ನಕಲು, ಸತ್ತವಳೊಬ್ಬಳ ದೇಹಕ್ಕೆ ಯಂತ್ರ ಜೋಡಿಸಿ ಕೂರಿಸಿದ ನೆನಪುಗಳ ಕಟ್ಟು. ಪ್ರತಿ ಬಾಗಿಲು ತೆರೆದಾಗ, ಪ್ರತಿ ಧ್ವನಿಮುದ್ರಿಕೆ ಕೇಳಿದಾಗ ಇದು ಇನ್ನಷ್ಟು ಖಚಿತವಾಗುತ್ತದೆ, ಮುಂದೆ ಹೋಗುವುದನ್ನು ಬಿಟ್ಟರೆ ಬೇರೆ ದಾರಿ ಇಲ್ಲ.

ನಮ್ಮಲ್ಲಿ ಪರಕಾಯ ಪ್ರವೇಶದ ಕಥೆಗಳಿವೆ. ಶಂಕರಾಚಾರ್ಯರು ಅಮರುಕ ರಾಜನ ದೇಹವನ್ನು ಹೊಕ್ಕ ಕಥೆಯಲ್ಲಿ ಶಿಷ್ಯರು ಗುರುವಿನ ದೇಹವನ್ನು ಗುಹೆಯಲ್ಲಿ ಕಾಯುತ್ತಾರೆ. ಗುಹೆಯಲ್ಲಿರುವುದು ಬರಿಯ ದೇಹ; ಜೀವ ಅರಮನೆಯಲ್ಲಿದೆ. ಜೀವ ಒಂದೇ, ಮನೆ ಬದಲಾಯಿತು ಎಂಬ ಭರವಸೆಯ ಮೇಲೆ ಆ ಕಥೆ ನಿಂತಿದೆ. ‘ಸೋಮಾ’ ಆ ಭರವಸೆಯನ್ನೇ ತೆಗೆದುಬಿಡುತ್ತದೆ. ಸಾಗರದ ಇನ್ನೂ ಆಳಕ್ಕೆ ಇಳಿಯಲು ಸೈಮನ್‌ಗೆ ಗಟ್ಟಿಯಾದ ಬೇರೆ ದೇಹ ಬೇಕು. ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿ ತೆರೆದರೆ ಹೊಸ ದೇಹದಲ್ಲಿದ್ದಾನೆ. ನಾವೂ ಹೊಸ ದೇಹದ ಕಣ್ಣಿನಿಂದಲೇ ನೋಡುತ್ತಿದ್ದೇವೆ. ಗೆದ್ದೆವು ಎನ್ನುವಾಗ ಎದುರಿನ ಕುರ್ಚಿಯಿಂದ ನಮ್ಮದೇ ಧ್ವನಿ ಕೇಳುತ್ತದೆ, ಯಾಕೆ ಏನೂ ಆಗಲಿಲ್ಲ ಎಂದು. ಗುಹೆಯ ದೇಹ ಎದ್ದು ಮಾತಾಡಿದಂತೆ. ಜೊತೆಗಾತಿ ಕ್ಯಾಥರೀನ್ ಅವನಿಗೆ ನಿದ್ದೆ ಬರಿಸುತ್ತಾಳೆ. ಆಮೇಲೆ ಆಟ ನಮ್ಮ ಮುಂದೆ ಒಂದು ಆಯ್ಕೆ ಇಡುತ್ತದೆ: ಅವನ ಬ್ಯಾಟರಿಯನ್ನು ಬರಿದು ಮಾಡಿ ನಿದ್ದೆಯಲ್ಲೇ ಮುಗಿಸಬಹುದು, ಅಥವಾ ಹಾಗೆಯೇ ಬಿಟ್ಟು ಹೋಗಬಹುದು.

ಸುತ್ತ ಯಾವ ಜಂತುವೂ ಇಲ್ಲ. ಯಾರೂ ಅಟ್ಟಿಸಿಕೊಂಡು ಬರುತ್ತಿಲ್ಲ. ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ನಾನು ಬಹಳ ಹೊತ್ತು ನಿಂತೆ. ಅವನು ಎದ್ದರೆ ಏನಾಗುತ್ತದೆ ಎಂದು ನನಗೆ ಗೊತ್ತಿತ್ತು: ತಾನು ಹೊರಡುವುದಿತ್ತು, ಯಾಕೆ ಇಲ್ಲೇ ಇದ್ದೇನೆ ಎಂದು ನೋಡುತ್ತಾನೆ, ಕರೆಯುತ್ತಾನೆ, ಸಾಗರದ ತಳದಲ್ಲಿ ಉತ್ತರಿಸುವವರು ಇರುವುದಿಲ್ಲ. ಬ್ಯಾಟರಿ ಬರಿದು ಮಾಡಿದೆ. ಮಾಡಿದ್ದು ಕರುಣೆಯಿಂದಲೇ ಎಂದುಕೊಂಡು ಇಳಿಯುವ ಲಿಫ್ಟಿನ ಕಡೆ ನಡೆದೆ.

ಅಕ್ಕನ ಮಗನಿಗೆ ಫೋನಿನಲ್ಲಿ ಇದನ್ನು ಹೇಳಿದೆ. ಅವನು ಆ ಆಟವನ್ನು ನನಗಿಂತ ಮೊದಲೇ ಆಡಿದ್ದ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನಾನು ಬಿಟ್ಟು ಬಂದೆ ಮಾವ" ಎಂದ. "ಯಾಕೆ?" ಎಂದೆ. "ಅವನೂ ನಾನೇ ಅಲ್ವಾ. ಮಲಗಿರೋವಾಗ ಹೇಳದೆ ಕೇಳದೆ..." ಎಂದು ಮಾತು ನಿಲ್ಲಿಸಿದ. ಆಮೇಲೆ, "ಆದ್ರೆ ಅವನು ಎದ್ದಿರ್ತಾನೆ, ಅಲ್ವಾ?" ಎಂದ.